ಶ್ವಾಸಕೋಶದ ಕ್ಯಾನ್ಸರ್ ಟ್ರಯಲ್‌ಗೆ ಯಾರನ್ನು ತಗೋತಾರೆ?

ಅಮ್ಮನಿಗೆ 67 ವರ್ಷ, ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತ, ಬಿಪಿ ಇದೆ, ಸಿಗರೇಟ್ ಯಾವತ್ತೂ ಮುಟ್ಟಿದವರಲ್ಲ, ಇಂಥವರನ್ನು ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ಹೊಸ ಚಿಕಿತ್ಸೆಯನ್ನು ಜನರಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನಕ್ಕೆ, ತಗೋತಾರಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಅಪ್ಪನ ಫೈಲ್ ಹಿಡಿದುಕೊಂಡು ಎರಡು ಟ್ರಯಲ್‌ಗಳಿಗೆ ಅಲೆದವನು. ಒಂದರಲ್ಲಿ ಆಗಲ್ಲ ಅಂದರು, ಇನ್ನೊಂದರಲ್ಲಿ ತಗೊಂಡರು.

ವಯಸ್ಸು, ಬಿಪಿ, ಸಿಗರೇಟ್, ಈ ಮೂರರ ಚಿಂತೆ ಸದ್ಯಕ್ಕೆ ಬಿಡಿ. 18 ತುಂಬಿರಬೇಕು ಅಂತ ಸಾಮಾನ್ಯವಾಗಿ ಇರುತ್ತದೆ, ಆದರೆ ಇಷ್ಟು ವಯಸ್ಸು ದಾಟಿರಬಾರದು ಅನ್ನೋ ಮಿತಿ ಎಷ್ಟೋ ಟ್ರಯಲ್‌ಗಳಲ್ಲಿ ಇರುವುದೇ ಇಲ್ಲ. ಮಾತ್ರೆಯಲ್ಲಿ ಹಿಡಿತಕ್ಕೆ ಬಂದ ಬಿಪಿ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಇನ್ನು ಸಿಗರೇಟ್ ಸೇದದವರ ಗಡ್ಡೆಯಲ್ಲಿ ಇಜಿಎಫ್ಆರ್, ಎಎಲ್‌ಕೆ ಥರದ ಜೀನ್ ಬದಲಾವಣೆ ಜಾಸ್ತಿ ಸಿಗುತ್ತದೆ, ಆ ಬದಲಾವಣೆ ಇದ್ದವರನ್ನೇ ಹುಡುಕುವ ಟ್ರಯಲ್‌ಗಳೂ ಇವೆ.

ಅವರು ಮೊದಲು ನೋಡುವುದು ಯಾವ ಶ್ವಾಸಕೋಶದ ಕ್ಯಾನ್ಸರ್ ಅನ್ನೋದನ್ನು. ಸುಮಾರು ನೂರಕ್ಕೆ 85 ಮಂದಿಗೆ ಇರುವುದು ನಾನ್ ಸ್ಮಾಲ್ ಸೆಲ್, ಉಳಿದವರಿಗೆ ಸ್ಮಾಲ್ ಸೆಲ್. ಒಂದರ ಟ್ರಯಲ್‌ಗೆ ಇನ್ನೊಂದರವರನ್ನು ಸೇರಿಸುವುದು ಅಪರೂಪ. ಆಮೇಲೆ ಹಂತ, ಆಮೇಲೆ ಜೀನ್ ರಿಪೋರ್ಟ್, ಪಿಡಿಎಲ್1 (ಗಡ್ಡೆಯ ಜೀವಕೋಶಗಳ ಮೇಲೆ ಇರುವ ಒಂದು ಪ್ರೋಟೀನ್) ಎಷ್ಟಿದೆ ಅನ್ನೋದು.

ನಾವು ಎಡವಿದ್ದು ಇದ್ಯಾವುದರಲ್ಲೂ ಅಲ್ಲ. ಈಗಾಗಲೇ ಏನು ಚಿಕಿತ್ಸೆ ಆಗಿದೆ ಅನ್ನೋ ಪ್ರಶ್ನೆಯಲ್ಲಿ. ಅಪ್ಪನಿಗೆ ರಾತ್ರಿಯಿಡೀ ಕೆಮ್ಮು, ನೋಡೋಕಾಗದೆ ಕೀಮೋ ಶುರು ಮಾಡಿಸಿದ್ದೆವು, ಒಂದೇ ಒಂದು ಸುತ್ತು ಆಗಿತ್ತು ಅಷ್ಟೇ, ಅಷ್ಟರಲ್ಲಿ ಒಂದು ಟ್ರಯಲ್ ಇರುವುದು ಗೊತ್ತಾಗಿ ಓಡಿದೆ. ಅದು ಇನ್ನೂ ಯಾವ ಚಿಕಿತ್ಸೆಯೂ ಆಗದವರಿಗೆ ಮಾತ್ರ. ಒಂದೇ ಸುತ್ತು ಅಲ್ವಾ ಅಂತ ಟ್ರಯಲ್ ನೋಡಿಕೊಳ್ಳುವ ಕೋಆರ್ಡಿನೇಟರ್ ಹತ್ತಿರ ವಾದ ಮಾಡಿದೆ. ಆಕೆ ಪಾಪ ಸಮಾಧಾನದಿಂದಲೇ ಹೇಳಿದರು, ಎಲ್ಲರೂ ಒಂದೇ ಗೆರೆಯಿಂದ ಶುರು ಮಾಡಬೇಕು, ಇಲ್ಲದಿದ್ದರೆ ಗಡ್ಡೆ ಕರಗಿದ್ದು ಯಾವ ಔಷಧಿಯಿಂದ ಅಂತ ಹೇಳೋಕಾಗಲ್ಲ ಅಂತ. ಸಿಟ್ಟು ಬಂತು, ಆದರೆ ಮಾತು ಸರಿಯಿತ್ತು. ಏಳು ತಿಂಗಳಾದ ಮೇಲೆ ಗಡ್ಡೆ ಮತ್ತೆ ಬೆಳೆಯಿತು. ಆಗ ಸಿಕ್ಕ ಟ್ರಯಲ್ ಕೀಮೋ ಆಗಿಯೂ ಕಾಯಿಲೆ ಬೆಳೆದವರಿಗೆ! ಮೊದಲನೆಯದರಲ್ಲಿ ಬಾಗಿಲು ಹಾಕಿದ ಕೀಮೋನೇ ಇಲ್ಲಿ ಬಾಗಿಲು ತೆಗೆಯಿತು. ಅದಕ್ಕೇ ನಿಮಗೆ ಹೇಳುವುದು, ಸ್ವಲ್ಪ ಕಾಯೋಕಾಗುವ ಹಾಗಿದ್ದರೆ, ಮುಂದಿನ ಚಿಕಿತ್ಸೆ ಶುರುವಾಗುವ ಮೊದಲೇ ಟ್ರಯಲ್ ಬಗ್ಗೆ ಡಾಕ್ಟರ್ ಹತ್ತಿರ ಬಾಯಿ ಬಿಟ್ಟು ಕೇಳಿ. ಅಮ್ಮನಿಗೆ ತೀರಾ ಕಷ್ಟ ಆಗುತ್ತಿದ್ದರೆ ಮಾತ್ರ ಟ್ರಯಲ್‌ಗೋಸ್ಕರ ಕಾಯಬೇಡಿ.

ಇನ್ನೊಂದು ದೊಡ್ಡ ವಿಷಯ ಇಕಾಗ್ ಸ್ಕೋರ್, ಅಂದರೆ ರೋಗಿ ದಿನನಿತ್ಯ ಎಷ್ಟರ ಮಟ್ಟಿಗೆ ಓಡಾಡಿಕೊಂಡು ಇದ್ದಾರೆ ಅಂತ ಡಾಕ್ಟರ್ ಕೊಡುವ ಅಂಕ. 0 ಅಂದರೆ ಮೊದಲಿನ ಹಾಗೇ ಓಡಾಡುತ್ತಾರೆ, 1 ಅಂದರೆ ಭಾರದ ಕೆಲಸ ಆಗಲ್ಲ ಆದರೆ ಹಗುರ ಕೆಲಸ ಮಾಡುತ್ತಾರೆ, 2 ಅಂದರೆ ತಮ್ಮ ಕೆಲಸ ತಾವು ನೋಡಿಕೊಳ್ಳುತ್ತಾರೆ ಆದರೆ ದುಡಿಯೋಕಾಗಲ್ಲ, 4 ಅಂದರೆ ಪೂರ್ತಿ ಹಾಸಿಗೆ ಹಿಡಿದವರು. ಹೆಚ್ಚಿನ ಟ್ರಯಲ್‌ಗಳು 0 ಅಥವಾ 1 ಕೇಳುತ್ತವೆ, ಕೆಲವು 2ನ್ನೂ ಒಪ್ಪುತ್ತವೆ. ನಮ್ಮಪ್ಪ ಡಾಕ್ಟರ್ ಮುಂದೆ ಶೂರ. ಏನೂ ತೊಂದರೆ ಇಲ್ಲ, ದಿನಾ ವಾಕಿಂಗ್ ಹೋಗ್ತೀನಿ ಅಂದರು. ಡಾಕ್ಟರ್ ನನ್ನ ಮುಖ ನೋಡಿದರು. ಗೇಟಿನ ತನಕ ಸಾರ್ ಅಂದೆ. 1 ಬರೆದರು. ಸುಳ್ಳು ಹೇಳಿ ಸೇರಿಸಬೇಡಿ, ತಡೆಯದ ಔಷಧಿ ಮೈಗೆ ಬಿದ್ದರೆ ಅನುಭವಿಸುವವರು ಅವರೇ.

ಆಮೇಲೆ ಟೆಸ್ಟ್‌ಗಳ ಸಾಲು. ಸ್ಕ್ಯಾನ್‌ನಲ್ಲಿ ಅಳೆಯೋಕೆ ಬರುವ ಗಡ್ಡೆ ಬೇಕು, ಸಾಮಾನ್ಯವಾಗಿ ಕನಿಷ್ಠ 10 ಮಿಲಿಮೀಟರ್. ಹಿಮೋಗ್ಲೋಬಿನ್ ಕನಿಷ್ಠ 9, ಪ್ಲೇಟ್‌ಲೆಟ್ ಕನಿಷ್ಠ 1 ಲಕ್ಷ ಇರಬೇಕು ಅನ್ನೋದು ತುಂಬಾ ಕಡೆ ಕಾಣುವ ಗೆರೆ, ಕಿಡ್ನಿ ಲಿವರ್‌ಗೂ ಹೀಗೇ ಲೆಕ್ಕ ಇದೆ. ಮಿದುಳಿಗೆ ಹರಡಿದ್ದರೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಚಿಕಿತ್ಸೆ ಆಗಿ ಸ್ಥಿರವಾಗಿದ್ದರೆ ಒಪ್ಪುವವರು ಇದ್ದಾರೆ. ಇಮ್ಯುನೋಥೆರಪಿ ಟ್ರಯಲ್ ಆದರೆ, ಮೈಯ ರಕ್ಷಣಾ ಶಕ್ತಿ ತನ್ನ ಮೈಮೇಲೇ ತಿರುಗಿಬೀಳುವ ಸಂಧಿವಾತದಂಥ ಕಾಯಿಲೆ ಇದೆಯಾ, ದಿನಾ ಸ್ಟೀರಾಯ್ಡ್ ತಗೋತಾರಾ ಅಂತ ಕೆದಕಿ ಕೇಳುತ್ತಾರೆ, ಯಾಕೆಂದರೆ ಆ ಔಷಧಿ ಮೈಯ ರಕ್ಷಣಾ ಶಕ್ತಿಯನ್ನೇ ಕೆರಳಿಸುವಂಥದ್ದು, ಸ್ಟೀರಾಯ್ಡ್ ಅದನ್ನೇ ತಣ್ಣಗಾಗಿಸುವಂಥದ್ದು.

ಹಾಂ, ಟ್ರಯಲ್ ಅಂದರೆ ಎಲ್ಲವೂ ರೋಗಿಗಳಿಗೇ ಅಂತಲ್ಲ. ಅಮೆರಿಕದಲ್ಲಿ 55ರಿಂದ 74 ವರ್ಷದ, ಕಾಯಿಲೆಯ ಲಕ್ಷಣವೇ ಇಲ್ಲದ, ಸಿಗರೇಟ್ ಜಾಸ್ತಿ ಸೇದಿದ್ದ 53 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ಸಿಟಿ ಸ್ಕ್ಯಾನ್ ಮತ್ತು ಎಕ್ಸ್‌ರೇ ಹೋಲಿಸಿ ನೋಡಿದ್ದರು. ಸಿಟಿ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ 20ರಷ್ಟು ಕಡಿಮೆ ಅಂತ 2011ರಲ್ಲಿ ಪ್ರಕಟವಾಯಿತು.

ಸಮ್ಮತಿ ಪತ್ರ ಓದದೆ ಸಹಿ ಹಾಕಬೇಡಿ. ಮನೆಗೆ ತಂದು ನಿಧಾನಕ್ಕೆ ಓದಿ, ಅಮ್ಮನಿಗೂ ಓದಿ ಹೇಳಿ, ಸಹಿ ಅವರದ್ದು. ಮಧ್ಯದಲ್ಲಿ ಬೇಡ ಅನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು.

ಕೊನೆಗೆ ಒಂದು ಸಣ್ಣ ಕೆಲಸ. ಬಯಾಪ್ಸಿ ತುಂಡನ್ನು ಮೇಣದಲ್ಲಿ ಇಟ್ಟಿರುತ್ತಾರೆ, ಬ್ಲಾಕ್ ಅನ್ನುತ್ತಾರೆ. ಎಷ್ಟೋ ಟ್ರಯಲ್‌ಗಳು ಅದನ್ನು ಕೇಳುತ್ತವೆ. ಅಪ್ಪನದು ಹಿಂದಿನ ಟೆಸ್ಟ್‌ಗಳಲ್ಲೇ ಖಾಲಿಯಾಗಿತ್ತು, ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಅಮ್ಮನ ಬ್ಲಾಕ್ ಯಾವ ಲ್ಯಾಬ್‌ನಲ್ಲಿದೆ, ಅದರಲ್ಲಿ ಇನ್ನೂ ಏನಾದರೂ ಉಳಿದಿದೆಯಾ, ನಾಳೆಯೇ ಫೋನ್ ಮಾಡಿ ಕೇಳಿ.