ಬಿ.ಎ. ಮುಗಿಸಿ ಸೋಮವಾರಪೇಟೆಯಲ್ಲಿದ್ದೇನೆ. ಬಿ.ಎಡ್. ಮಾಡಿ ಟೀಚರ್ ಆಗಲೇ, ಬೇಡವೇ?

ಮೊದಲು ಯಾವ ತರಗತಿಗೆ ಅನ್ನುವುದು ತೀರ್ಮಾನವಾಗಲಿ, ಕೋರ್ಸು ಆಮೇಲೆ. ಬಿ.ಎಡ್. ಇದ್ದರೆ ಎಲ್ಲ ತರಗತಿಗೂ ನಡೆಯುತ್ತದೆ ಅನ್ನುವುದು ಹಳೇ ಮಾತು. 2023ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1ರಿಂದ 5ನೇ ತರಗತಿಗೆ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಬೇಕು. 6ರಿಂದ 8ಕ್ಕಾದರೆ ಪದವಿ, ಬಿ.ಎಡ್. ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ. ಅದಕ್ಕೆ 150 ಅಂಕ, ಸಾಮಾನ್ಯ ವರ್ಗದವರು 90 ತೆಗೆಯಬೇಕು.

ಟಿಇಟಿ ಪಾಸಾದರೆ ಕೆಲಸ ಕೈಗೆ ಬಂತು ಅಂದುಕೊಳ್ಳುವವರೇ ಜಾಸ್ತಿ. ಅದು ಬರೀ ಅರ್ಹತೆ. ನೇಮಕಾತಿ ಪರೀಕ್ಷೆ ಬೇರೆ, ಅದೂ ಪ್ರತಿ ವರ್ಷ ಕರೆಯುವುದಿಲ್ಲ. ಈ ಅಂತರದಲ್ಲಿ ಅತಿಥಿ ಶಿಕ್ಷಕರಾಗಬಹುದು. ಸಿಗುವುದು ಸಂಬಳವಲ್ಲ, ಗೌರವಧನ. ಕಾಯಂ ಆಗುವ ಖಾತರಿಯೂ ಇಲ್ಲ. ಮನೆಯಲ್ಲಿ ಬೇರೆ ಆದಾಯ ಇದೆಯೇ ಎಂದು ಈಗಲೇ ಲೆಕ್ಕ ಹಾಕಿ.

ಕೆಲಸ ಒಗ್ಗುತ್ತದೆಯೇ ಎಂದು ತಿಳಿಯಲು, ಫೀಸು ಕಟ್ಟುವ ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದು ವಾರ ಕುಳಿತುಬನ್ನಿ. ನಲಿಕಲಿ (ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ) ಕೋಣೆಯಲ್ಲಿ 1, 2, 3ನೇ ತರಗತಿ ಮಕ್ಕಳು ಒಟ್ಟಿಗಿರುತ್ತಾರೆ: ಒಬ್ಬ ಕಾರ್ಡು ಹಿಡಿದು ಅಕ್ಷರ ತಿದ್ದುತ್ತಿದ್ದರೆ ಪಕ್ಕದವಳು ಕಳೆಯುವ ಲೆಕ್ಕದಲ್ಲಿ. ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುವ ಮಗುವಿಗೆ ಮನೆಮಾತು ಎರವ ಬುಡಕಟ್ಟಿನ ಭಾಷೆಯೋ ತಮಿಳೋ ಇರಬಹುದು. ‘ಪುಸ್ತಕ ತೆಗಿ’ ಅಂದದ್ದು ತಿಳಿಯದೆ ಸುಮ್ಮನೆ ಕೂತರೆ ಅದನ್ನು ದಡ್ಡತನ ಅಂದುಕೊಳ್ಳುವುದೇ ಹೊಸಬರ ಮೊದಲ ತಪ್ಪು. ಅದೇ ಸೂಚನೆಯನ್ನು ಹತ್ತನೇ ಸಲ ಹೇಳುವಾಗಲೂ ದನಿ ಏರದಿದ್ದರೆ ಸೇರಿಕೊಳ್ಳಿ. ರಜೆ ಜಾಸ್ತಿ ಅನ್ನುವ ಆಸೆಗಂತೂ ಬೇಡ: ಜುಲೈ ಮಳೆಗೆ ಕೊಟ್ಟ ರಜೆಯ ಪಾಠವನ್ನು ಆಮೇಲೆ ಶನಿವಾರ ಮಧ್ಯಾಹ್ನ ಕೂತು ತುಂಬಿಸಬೇಕಾಗಬಹುದು.