ಲೆಕ್ಕಕ್ಕಿಲ್ಲದ ಕಥೆಗಳು?

‘ಸೂಪರ್‌ಮ್ಯಾನ್ ಸೋವಿಯತ್ ನೆಲದಲ್ಲಿ ಬೆಳೆದಿದ್ದರೆ, ಬ್ಯಾಟ್‌ಮ್ಯಾನ್ ಆಗಬೇಕಿದ್ದ ಬ್ರೂಸ್ ವೇಯ್ನ್ ಬಾಲ್ಯದಲ್ಲೇ ಸತ್ತಿದ್ದರೆ ಎಂಬಂಥ ಪರ್ಯಾಯ ಲೋಕದ ಕಾಮಿಕ್ಸ್‌ಗಳನ್ನು ನೀವೇಕೆ ಹೊಗಳುತ್ತೀರಿ? ಮೂಲ ಕಥೆಗೆ ಸೇರದ್ದು ಲೆಕ್ಕಕ್ಕಿಲ್ಲ’ ಎಂದು ಓದುಗರೊಬ್ಬರು ಬರೆದಿದ್ದಾರೆ.

ಹತ್ತಾರು ವರ್ಷ ಒಂದೇ ಎಳೆ ಹಿಡಿದು ಓದಿಕೊಂಡು ಬಂದವರಿಗೆ ಮೂಲ ಕಥೆಯ ಮೇಲೆ ಮಮಕಾರವಿರುತ್ತದೆ, ಒಪ್ಪುತ್ತೇನೆ. ಆದರೆ ‘ಲೆಕ್ಕಕ್ಕಿಲ್ಲ’ ಎಂಬ ಪದ ನನ್ನನ್ನು ಚುಚ್ಚಿತು. ಇಷ್ಟು ಆಸ್ಥೆಯಿಂದ ಓದುವ ನೀವು ಕಥೆಯನ್ನು ಖಾತೆ ಪುಸ್ತಕದಂತೆ ನೋಡಬಾರದು.

ಮಾರ್ಕ್ ಮಿಲ್ಲರ್ ಬರೆದ 2003ರ ‘ರೆಡ್ ಸನ್’ ತೆಗೆದುಕೊಳ್ಳಿ. ಕೂಸು ಸೂಪರ್‌ಮ್ಯಾನ್‌ನನ್ನು ಹೊತ್ತ ನೌಕೆ ಕ್ಯಾನ್ಸಸ್ ಬದಲು ಉಕ್ರೇನಿನ ಸಾಮೂಹಿಕ ಕೃಷಿಕ್ಷೇತ್ರದಲ್ಲಿ ಇಳಿಯುತ್ತದೆ. ಅದೇ ಬಲ, ಅದೇ ಕರುಣೆ. ಯಾರಿಗೂ ಕಷ್ಟ ಬರಬಾರದೆಂದು ಹೊರಟವನು ಕೊನೆಗೆ ಎದುರಾಡಿದವರ ಮಿದುಳಿಗೇ ಕೈಹಾಕುತ್ತಾನೆ. ಖಳನೊಬ್ಬ ಕುಗ್ಗಿಸಿ ಸೀಸೆಗೆ ಸೇರಿಸಿದ ಸ್ಟಾಲಿನ್‌ಗ್ರಾಡ್ ನಗರವನ್ನು ಮೊದಲಿನಂತೆ ಮಾಡಲಾಗದ ಕೊರಗು ಮಾತ್ರ ಅವನನ್ನು ಬಿಡುವುದಿಲ್ಲ. ಇಡೀ ಜಗತ್ತನ್ನೇ ಏಕೆ ಸೀಸೆಗೆ ಹಾಕಬಾರದು ಎಂದು ಅವನ ಬದ್ಧವೈರಿ ಲೆಕ್ಸ್ ಲೂಥರ್ ಚೀಟಿಯಲ್ಲಿ ಕೇಳಿದ ಒಂದೇ ಸಾಲಿಗೆ ಆ ಮಹಾಬಲಶಾಲಿ ಕುಸಿಯುತ್ತಾನೆ. ಮೂಲ ಸರಣಿಯಲ್ಲಿ ಅವನನ್ನು ಇಷ್ಟು ದೂರ ಕೊಂಡೊಯ್ಯಲು ಯಾರಿಗೂ ಧೈರ್ಯವಿಲ್ಲ. ಮುಂದಿನ ಸಂಚಿಕೆಗೆ ನಾಯಕ ಇದ್ದಂತೆಯೇ ಇರಬೇಕಲ್ಲ.

2011ರ ‘ಫ್ಲ್ಯಾಶ್‌ಪಾಯಿಂಟ್’ನಲ್ಲಿ ಗಲ್ಲಿಯಲ್ಲಿ ಗುಂಡಿಗೆ ಬಲಿಯಾಗುವವನು ತಂದೆತಾಯಿಯರ ಬದಲು ಬಾಲಕ ಬ್ರೂಸ್. ತಂದೆ ಥಾಮಸ್ ಬ್ಯಾಟ್‌ಮ್ಯಾನ್ ಆಗುತ್ತಾನೆ, ತಾಯಿ ಮಾರ್ಥಾ ಅವನ ಕಡುವೈರಿ ಜೋಕರ್ ಆಗುತ್ತಾಳೆ. ಒಂದೇ ದುಃಖ, ಎರಡು ದಾರಿ! ತನ್ನ ಲೋಕ ಅಳಿಸಿಹೋದರೂ ಮಗ ಉಳಿಯುತ್ತಾನೆಂದು ನಂಬಿ ಥಾಮಸ್ ಬರೆದ ಪತ್ರವನ್ನು ಕಾಲವನ್ನು ಸರಿಪಡಿಸಿ ಮೂಲ ಲೋಕಕ್ಕೆ ಮರಳುವ ‘ಫ್ಲ್ಯಾಶ್’ ಬ್ಯಾರಿ ಆಲೆನ್ ಅಲ್ಲಿ ಬದುಕಿರುವ ಬ್ರೂಸ್‌ಗೆ ತಂದುಕೊಡುತ್ತಾನೆ. ಬ್ರೂಸ್ ಓದಿ ಅಳುತ್ತಾನೆ. ಎಷ್ಟು ಸಲ ತೆರೆದರೂ ಆ ಪುಟದಲ್ಲಿ ನನ್ನ ಗಂಟಲು ಕಟ್ಟುತ್ತದೆ.

ಕೋಪ ಬರಬೇಕಾದದ್ದು ಈ ಕಥೆಗಳ ಮೇಲಲ್ಲ, ಮುಗಿದ ಕಥೆಯನ್ನು ಮುಗಿಯಲು ಬಿಡದ ಪ್ರಕಾಶಕರ ಮೇಲೆ. 2019ರ ಹೊತ್ತಿಗೆ ಅದೇ ಥಾಮಸ್‌ನನ್ನು ಮುಖ್ಯ ಸರಣಿಗೆ ಎಳೆತಂದು ಮಗನಿಗೇ ಎದುರಾಳಿಯಾಗಿ ನಿಲ್ಲಿಸಿದರು. ಆ ಪತ್ರದ ಗತಿಯೇನು? ಮಾರಾಟವಾದ ಪಾತ್ರಕ್ಕೆ ಸಾಯುವ ಹಕ್ಕೂ ಇಲ್ಲವೇ? ಪ್ರತಿಯೊಂದು ಲೋಕವನ್ನೂ ಇನ್ನೊಂದಕ್ಕೆ ಹೊಲಿದು, ಯಾವುದು ಲೆಕ್ಕಕ್ಕಿದೆ, ಯಾವುದು ಇಲ್ಲ ಎಂಬ ಗೀಳನ್ನು ಓದುಗರಿಗೆ ಹಚ್ಚಿದವರೂ ಇವರೇ. ನಿಮ್ಮ ಪತ್ರದಲ್ಲಿ ನನಗೆ ಕೇಳಿಸಿದ್ದು ನಿಮ್ಮ ದನಿಗಿಂತ ಹೆಚ್ಚಾಗಿ ಅವರದು.

ಮುಂದಿನದನ್ನೆಲ್ಲ ಬದಿಗಿಟ್ಟು ‘ಫ್ಲ್ಯಾಶ್‌ಪಾಯಿಂಟ್’ನ ಐದೂ ಸಂಚಿಕೆಗಳನ್ನು ಒಮ್ಮೆ ಓದಿ. ಥಾಮಸ್‌ನ ಪತ್ರ ಬ್ರೂಸ್‌ನ ಕೈಸೇರುವ ಪುಟ ಮುಗಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.