ಗಂಡನ ಐಡಿಯಲ್ಲಿ ಇನ್ನೊಬ್ಬಳ ಹೆಸರು

ಮದುವೆಯಾಗಿ 12 ವರ್ಷ, ಒಬ್ಬಳು ಮಗಳು. ನನ್ನವರದು ತೀರ್ಥಹಳ್ಳಿ. 2007ರಲ್ಲಿ ಕಾಲೇಜಿನಲ್ಲಿದ್ದಾಗ ಮಾಡಿಕೊಂಡ ಇಮೇಲ್ ಐಡಿ ಅವರದು. ಅದರಲ್ಲಿ ಅವರ ಹೆಸರಿನ ಜೊತೆ 'ತುಂಗಾ27' ಅಂತಿದೆ. ಹೊಸದರಲ್ಲಿ ಕೇಳಿದ್ದಕ್ಕೆ 'ನಮ್ಮೂರ ಹೊಳೆ ಅಲ್ವಾ' ಅಂದಿದ್ದರು. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಅವರ ಹಳೇ ಗೆಳೆಯ 'ಆ ತುಂಗಾ ಈಗ ಎಲ್ಲಿದ್ದಾಳೋ' ಅಂತ ರೇಗಿಸಿದರು. ಇವರು ತಲೆ ತಗ್ಗಿಸಿ ಪಾಯಸ ತಿಂದರು. ಮಗಳ ಸ್ಕೂಲ್ ಫಾರಂನಲ್ಲಿ ಪ್ರತಿವರ್ಷ ಆ ಹೆಸರು ತುಂಬಿದವಳು ನಾನೇ! ಒಂದು ರಾತ್ರಿ ಅವರ ಮೇಲ್‌ನಲ್ಲಿ ಹುಡುಕಿಯೂ ಬಿಟ್ಟೆ. ಸಿಕ್ಕಿದ್ದು ಕರೆಂಟ್ ಬಿಲ್ಲು, ಎಲ್‌ಐಸಿ ರಸೀದಿ. 27 ಅಂದ್ರೆ ಅವಳ ಹುಟ್ಟಿದ ದಿನವಾ? ಐಡಿ ಬದಲಿಸಿ ಅನ್ನಲಾ, ಸುಮ್ನಿರಲಾ?
— ಹೆಸರು ಬೇಡ, ಶಿವಮೊಗ್ಗ

ಮೊದಲು ಆ 27ನ್ನು ಬಿಟ್ಟುಬಿಡಿ. ಬೇಕಾದ ಹೆಸರು ಆಗಲೇ ಬೇರೆಯವರ ಪಾಲಾಗಿದ್ದರೆ ಜಿಮೇಲ್ ತಾನೇ ಒಂದು ಸಂಖ್ಯೆ ಅಂಟಿಸಿ 'ಇದು ಆಗುತ್ತಾ' ಅಂತ ತೋರಿಸುತ್ತೆ. ಅದು ಅವಳ ಹುಟ್ಟುಹಬ್ಬವೂ ಇರಬಹುದು, ಹಾಸ್ಟೆಲ್ ರೂಮ್ ನಂಬರೂ ಇರಬಹುದು, ಕಂಪ್ಯೂಟರ್ ಕೊಟ್ಟಿದ್ದೂ ಇರಬಹುದು.

2007 ಅಂದ್ರೆ ಬ್ರೌಸಿಂಗ್ ಸೆಂಟರ್ ಕಾಲ. ಪ್ಲೈವುಡ್ ಗೂಡು, ಅಕ್ಷರ ಅಳಿಸಿಹೋದ ಕೀಬೋರ್ಡು, ಹಿಂದೆ ನಿಂತು ಇಣುಕುವ ಇಬ್ಬರು ಗೆಳೆಯರು. ಗಂಟೆ ಲೆಕ್ಕದಲ್ಲಿ ದುಡ್ಡು, ಆದ್ದರಿಂದ ಅವಸರ. ಇಪ್ಪತ್ತರ ಹುಡುಗ ಆ ಹೊತ್ತಿಗೆ ಮನಸ್ಸಿನಲ್ಲಿ ಏನಿತ್ತೋ ಅದನ್ನೇ ಒತ್ತಿದ. ಅದೇ ಹೆಸರು ಮುಂದೆ ಪಿಎಫ್, ಬ್ಯಾಂಕು, ಪ್ಯಾನ್ ಕಾರ್ಡಿನವರೆಗೂ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ನನ್ನದೂ ಒಂದಿತ್ತು, ಸಾಕಿದ ಬೆಕ್ಕಿನ ಹೆಸರಲ್ಲಿ. ಕೆಲಸದ ಇಂಟರ್‌ವ್ಯೂನಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕಾಗಿ ಬಂದ ದಿನ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಪ್ರೀತಿಪಾತ್ರರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳೋದು ನಮ್ಮಲ್ಲಿ ಹೊಸದೇನಲ್ಲ. ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟುಕೊಂಡು 'ಅಂಬಿಕಾತನಯದತ್ತ' ಅಂತಲೇ ಕವಿತೆ ಬರೆದರು. ಸರಿ, ತಾಯಿಯ ಹೆಸರಿಗೂ ಕಾಲೇಜು ಹುಡುಗಿಯ ಹೆಸರಿಗೂ ವ್ಯತ್ಯಾಸ ಇದೆ. ನೀವು ಹಾಗೆ ಅಂದ್ರೆ ನಾನು ವಾದ ಮಾಡೋದಿಲ್ಲ.

ಆದರೆ ನಿಮ್ಮ ಪತ್ರ ಎರಡು ಸಲ ಓದಿದೆ. ನಿಮಗೆ ಚುಚ್ಚಿದ್ದು ಆ ಹುಡುಗಿ ಅಲ್ಲ, 'ನಮ್ಮೂರ ಹೊಳೆ' ಅಂದ ಆ ಮಾತು. 12 ವರ್ಷ ಅದನ್ನೇ ನಂಬಿ, ಮಗಳ ಫಾರಂನಲ್ಲಿ ಆ ಹೆಸರನ್ನು ನಿಮ್ಮ ಕೈಯಾರೆ ತುಂಬಿದ್ದೀರಲ್ಲ, ಅದು. ಈ ಮಾತನ್ನು ಅವರಿಗೆ ಹೇಳಲೇಬೇಕು. ಸುಮ್ನಿದ್ದರೆ ಮುಂದಿನ ಫಾರಂ ತುಂಬುವಾಗ ಮತ್ತೆ ಕೈ ನಡುಗುತ್ತೆ.

ಐಡಿ ಬದಲಿಸಿ ಅಂತ ಶುರು ಮಾಡಬೇಡಿ. 'ಆ ಹೆಸರಿನ ಕಥೆ ಹೇಳಿ' ಅನ್ನಿ. ಮಗಳು ಮಲಗಿದ ಮೇಲೆ, ಫೋನು ಬೇರೆ ಕೋಣೆಯಲ್ಲಿಟ್ಟು. ಎರಡೂ ನಿಜ ಇರಬಹುದು, ನೋಡಿ. ತೀರ್ಥಹಳ್ಳಿಯವರಿಗೆ ತುಂಗೆ ಹೊಳೆಯೂ ಹೌದು. ಹೊಸ ಹೆಂಡತಿಗೆ ಅರ್ಧ ನಿಜ ಹೇಳಿ, ಇನ್ನರ್ಧ ಹೇಳೋಕೆ ಧೈರ್ಯ ಬರದೆ ಅಷ್ಟಕ್ಕೇ ನಿಂತಿರಬಹುದು. ಅವರು ಬಾಯಿ ಬಿಟ್ಟ ಮೇಲೆ ನೀವೂ ಒಂದು ಒಪ್ಪಿಕೊಳ್ಳಬೇಕು: ಮೇಲ್ ತೆಗೆದು ನೋಡಿದ್ದು. ಕಷ್ಟ, ಗೊತ್ತು. ಆದರೆ ಲೆಕ್ಕ ಅಂದ್ರೆ ಎರಡೂ ಕಡೆ ಬರೆಯಬೇಕಲ್ವಾ?

ಕೇಳಿದ್ದಕ್ಕೆ ಅವರು ಸಿಟ್ಟಾಗಿ ಎದ್ದುಹೋದರೆ, ಅಥವಾ ಆಕೆಯ ಜೊತೆ ಈಗಲೂ ಮಾತುಕತೆ ಇದೆ ಅಂತ ಗೊತ್ತಾದರೆ, ಅದು ಬೇರೆ ಪತ್ರ. ಆಗ ಖಂಡಿತ ಬರೆಯಿರಿ.

ಇನ್ನು ಐಡಿ ವಿಷಯ. ಅಳಿಸಿಹಾಕಿ ಅಂತ ಹಟ ಹಿಡಿಯಬೇಡಿ. ಬ್ಯಾಂಕು, ಪಿಎಫ್ ಎಲ್ಲ ಅದಕ್ಕೇ ಅಂಟಿಕೊಂಡಿರುತ್ತೆ, ಪಾಸ್‌ವರ್ಡ್ ಮರೆತರೆ ಹೊಸದು ಪಡೆಯೋ ಲಿಂಕೂ ಅಲ್ಲಿಗೇ ಬರುತ್ತೆ. ಮನೆ ಕೆಲಸಕ್ಕೆ, ಸ್ಕೂಲಿಗೆ ಅಂತ ಇಬ್ಬರೂ ಸೇರಿ ಒಂದು ಹೊಸ ಐಡಿ ಮಾಡಿ. ಹಳೆಯದಕ್ಕೆ ಬಂದದ್ದು ತಾನಾಗೇ ಹೊಸದಕ್ಕೆ ಬರೋ ಹಾಗೆ ಜಿಮೇಲ್ ಸೆಟ್ಟಿಂಗ್‌ನಲ್ಲಿ ಮಾಡಬಹುದು. ಒಂದೊಂದೇ ಕಡೆ ಬದಲಿಸ್ತಾ ಹೋಗಿ, ಆರು ತಿಂಗಳಾದರೂ ಬೇಕು. ಆಮೇಲೆ ಹಳೆಯದನ್ನು ತೆರೆಯದೆ ಬಿಟ್ಟರೂ ಆದೀತು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ಲೇ ಅಳಿಸಬಹುದು.

ಹೊಸದಕ್ಕೆ ಹೆಸರು ಮಗಳು ಇಡಲಿ. ಅವಳು ಕೇಳಿದ ಹೆಸರು ಸಿಗೋದಿಲ್ಲ, ಈಗಲೇ ಹೇಳಿರ್ತೀನಿ. ಹಿಂದೆ ಯಾವುದೋ ಒಂದು ನಂಬರ್ ಹಚ್ಚಿಕೊಳ್ಳಬೇಕಾಗುತ್ತೆ.